ಬರುವಾಗ ಕಂಡ ಬೆಳ್ಳಕ್ಕಿ

ಮುಪ್ಪಯ್ಯ ಅಜ್ಜಾರ ಆಶ್ರಮ ಹೊಳೆಯ ದಂಡೆಯ ಮೇಲಿತ್ತು. ಆಶ್ರಮಕ್ಕೊಂದು ಹಳೆಯ ಜೀಪು ಇತ್ತು. ಜೀಪು ಓಡಿಸುವ ಸೇವೆ ಶಿಷ್ಯ ನಿರುಪಾದಿಯದು.

ಒಂದು ಮುಂಜಾನೆ ಅವನು ಬಂದು ಅಜ್ಜಾರ ಮುಂದೆ ನಿಂತ. ಅಜ್ಜಾರು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿದ್ದರು.

"ಅಜ್ಜಾರ, ಜೀಪಿಗೆ ಹೊಸ ಬಲ್ಬು ಬೇಕ್ರಿ. ಹೆಡ್‌ಲೈಟಿಗೆ. ಭಾಳ ಬೆಳಕು ಬೀಳೂವಂಥಾವು."

"ಇರೂವು ಸುಟ್ಟಾವೇನು?"

"ಸುಟ್ಟಿಲ್ರಿ. ಮಂದ ಆಗ್ಯಾವು."

"ಯಾವಾಗಿಂದ?"

ನಿರುಪಾದಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. "ಸೋಮವಾರದಿಂದ್ರಿ" ಎಂದ.

ಸೋಮವಾರ ನಡೆದದ್ದು ಊರಿಗೆಲ್ಲ ಗೊತ್ತಿತ್ತು. ದಿನಾ ನಸುಕಿನಲ್ಲಿ ಅವನು ಜೀಪು ತೆಗೆದುಕೊಂಡು ಸ್ಟೇಶನ್ನಿಗೆ ಹೋಗುತ್ತಿದ್ದ. ಮೊದಲ ರೈಲಿನಿಂದ ಇಳಿದ ಭಕ್ತರನ್ನು ತುಂಬಿಕೊಂಡು, ಕಾಲುವೆಯ ಏರಿಯ ಮೇಲೆ ಹಾಯ್ದು ಆಶ್ರಮಕ್ಕೆ ಬರುತ್ತಿದ್ದ. ಅದೇ ಹೊತ್ತಿಗೆ ಮೊಸರು ಮಾರುವ ಹೆಂಗಸರು ತಲೆಯ ಮೇಲೆ ಗಡಿಗೆ ಹೊತ್ತು, ಎರಡನೆಯ ರೈಲು ಹಿಡಿಯಲು ಎದುರಿನಿಂದ ನಡೆದು ಬರುತ್ತಿದ್ದರು.

ಸೋಮವಾರ ಅವರಲ್ಲಿ ಸಾವಂತ್ರೆವ್ವ ಎಂಬ ಮುದುಕಿ ಜೀಪಿನ ಮುಂದೆಯೇ ಏರಿಯ ಪಕ್ಕದ ತಗ್ಗಿಗೆ ಬಿದ್ದಳು. ಜೀಪು ತಾಗಲಿಲ್ಲ. ಆದರೆ ಗಡಿಗೆ ಒಡೆಯಿತು, ಬಲಗೈಯ ಮುಂಗೈ ಮುರಿಯಿತು.

ನಿರುಪಾದಿಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದ. ಅವತ್ತಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಗಡಿಗೆ ಒಡೆದ ಸಪ್ಪಳ ಕೇಳುತ್ತಿತ್ತು.

ಆಶ್ರಮಕ್ಕೆ ಬಂದು ಎಂಟು ವರ್ಷ. ಭಜನೆಗೆ ಕೂತರೆ ತಾಳ ತಪ್ಪುತ್ತಿತ್ತು, ಶಾಸ್ತ್ರ ಓದಲು ಕೂತರೆ ತೂಕಡಿಕೆ. ಅವನಿಗೆ ಒಲಿದದ್ದು ಜೀಪು ಒಂದೇ. ತಪ್ಪು ಬಲ್ಬಿನದಾದರೆ ಬಲ್ಬು ಬದಲಿಸಬಹುದು. ತಪ್ಪು ತನ್ನದಾದರೆ ಅಜ್ಜಾರು ಬದಲಿಸಬೇಕಾದದ್ದು ತನ್ನನ್ನೇ. ತಪ್ಪು ಬಲ್ಬಿನದೇ ಆಗಿರಲಿ ಎಂದು ಅವನು ದಿನಕ್ಕೆ ನೂರು ಸಲ ಬೇಡಿಕೊಳ್ಳುತ್ತಿದ್ದ.

"ಅಕಿ ನಿನಗ ಯಾವಾಗ ಕಂಡಳು?" ಅಜ್ಜಾರು ಕೇಳಿದರು.

"ಬಿದ್ದ ಮ್ಯಾಲ್ರಿ."

"ಲೈಟು ಡಿಪ್ ಮಾಡಿ ಇಳಿಸಿದ್ಯೋ?"

"ಏರಿ ಹತ್ತಿದ್ನಿ ಅಂದ್ರ ಡಿಪ್‌ನ್ಯಾಗ ಬರ್ತೇನ್ರಿ. ಎಂದೂ ತಪ್ಪಿಸಿಲ್ಲ."

"ಮಂದ ಅಂತೀ ಅಲಾ, ಹೋಗೂವಾಗ ಮಂದೋ, ಬರೂವಾಗ ಮಂದೋ?"

ಇದೆಂಥ ಪ್ರಶ್ನೆ ಅನಿಸಿತು ನಿರುಪಾದಿಗೆ. ಯೋಚಿಸಿದ ಮೇಲೆ ಅವನಿಗೇ ಸೋಜಿಗವಾಯಿತು. "ಬರೂವಾಗ್ರಿ. ಹೋಗೂವಾಗ ಹಾದಿ ಕಾಣತೈತಿ. ಬರೂವಾಗ ಹಾದಿ ಕಾಣಂಗಿಲ್ಲ, ಬರೇ ಬೆಳ್ಳಕ್ಕಿ ಕಾಣತಾವು."

"ಬೆಳ್ಳಕ್ಕಿ?"

"ಏರಿ ಬಾಜೂಕ ಜಾಲಿಗಿಡದಾಗ ಮಲಗಿರ್ತಾವ್ರಿ. ರೆಕ್ಕಿಯೊಳಗ ತಲಿ ಇಟಗೊಂಡು. ಛಂದ ಕಾಣತಾವು."

"ಹೋಗೂವಾಗ ಅವು ಎಲ್ಲಿಗೆ ಹೋಗಿರ್ತಾವು?"

"ಗೊತ್ತಿಲ್ರಿ. ಹೋಗೂವಾಗ ಕಾಣಂಗಿಲ್ಲ."

"ಅದ ಹಾದಿ, ಅದ ಬಲ್ಬು, ಅದ ಹಕ್ಕಿ" ಎಂದು ಅಜ್ಜಾರು ಕಾಳಿನಿಂದ ಒಂದು ಹರಳು ಹೆಕ್ಕಿ ಹೊರಗೆಸೆದರು. "ಹೋಗು, ಹೊಸ ಬಲ್ಬು ತಗೊಂಡು ಬಾ."

ಇಷ್ಟು ಸಲೀಸಾಗಿ ಒಪ್ಪುತ್ತಾರೆ ಎಂದು ನಿರುಪಾದಿ ಎಣಿಸಿರಲಿಲ್ಲ. ಬಾಗಿಲು ದಾಟುವಾಗ ಅವನಿಗೆ ಆಶ್ರಮದ ಪದ್ಧತಿ ನೆನಪಾಯಿತು.

ಅಲ್ಲಿ ಯಾರು ಏನು ಕೇಳಿದರೂ ಅಜ್ಜಾರು ಇಲ್ಲ ಎನ್ನುತ್ತಿರಲಿಲ್ಲ. ಆದರೆ ಕೇಳಿದವರು ಆ ವಸ್ತುವಿನ ಇನ್ನೊಂದು ತುದಿಯಲ್ಲಿ ಐದು ದಿನ ಕಳೆಯಬೇಕಿತ್ತು. ಹೋದ ವರ್ಷ ಅಡುಗೆಯ ಗುರುಸಿದ್ದಪ್ಪ, ಬಡಿಸುವುದು ತಡವಾಗುತ್ತದೆ, ದೊಡ್ಡ ಸೌಟು ಬೇಕು ಎಂದಿದ್ದ. ಅಜ್ಜಾರು ಸೌಟು ತರಿಸಿಕೊಟ್ಟು, ಅವನನ್ನು ಐದು ದಿನ ಪಂಕ್ತಿಯ ಕೊನೆಯಲ್ಲಿ ಉಣ್ಣಲು ಕೂರಿಸಿದರು. ಆರನೆಯ ದಿನದಿಂದ ಗುರುಸಿದ್ದಪ್ಪ ಸೌಟಿನ ಮಾತು ಬಿಟ್ಟ, ಹುಳಿ ಸಾರು ಉಣ್ಣಲಾರದೆ ಜನ ತಡ ಮಾಡುತ್ತಾರೆಂದು ತಿಳಿದು ಹುಣಸೆಹಣ್ಣು ಕಡಿಮೆ ಮಾಡಿದ.

"ಅಜ್ಜಾರ, ನನ್ನ ಐದು ದಿನ?"

"ಮೊದಲ ಬಲ್ಬು ಬರಲಿ."

ಪೇಟೆಯ ಅಂಗಡಿಯವನಿಗೆ ಜೀಪಿನ ವಯಸ್ಸು ಹೇಳಿದಾಗ ಅವನು ಕಣ್ಣಿನ ಚಾಳೀಸು ತೆಗೆದು ನಿರುಪಾದಿಯನ್ನು ನೋಡಿದ.

"ಇನ್ನೂ ಐತೇನದು?"

"ಐತ್ರಿ. ಎಲ್ಲಾಕ್ಕಿಂತ ಹೆಚ್ಚಿನ ಬೆಳಕಿಂದು ಕೊಡ್ರಿ."

ಅಂಗಡಿಯವನು ಒಂದು ಡಬ್ಬಿ ಮುಂದಿಟ್ಟ. "ಇದನ್ನ ಹಾಕಿದ್ರ ಎದುರು ಬರಾಂವ ಗಾಡಿ ನಿಲ್ಲಿಸಿ ಕೈ ಮುಗೀತಾನ."

ನಿರುಪಾದಿಗೆ ಆ ಮಾತು ಬಹಳ ಹಿಡಿಸಿತು. "ಕೊಡ್ರಿ."

"ಆದ್ರ ನಿಮ್ಮ ಗಾಡೀಗೆ ಕೊಡಂಗಿಲ್ಲ."

"ಯಾಕ್ರಿ?"

"ನಿಮ್ಮವು ಹಳೇ ವೈರು. ಇದು ಎಳಿಯೂ ಕರೆಂಟಿಗೆ ಸ್ವಿಚ್ಚು ಕರಗಿ ನೀರಾಗತೈತಿ. ಮಠದ ಗಾಡಿ ಸುಟ್ಟ ಪಾಪ ನನಗ್ಯಾಕ?" ಅವನು ಆ ಡಬ್ಬಿ ಒಳಗಿಟ್ಟು ಇನ್ನೊಂದು ತೆಗೆದ. "ಇದು ತಗೊರಿ. ಹಳೇದರಷ್ಟ ಕರೆಂಟು ತಗೋತೈತಿ, ಬೆಳಕು ಹೆಚ್ಚು ಕೊಡತೈತಿ. ಗಾಜು ಬೆರಳಿಲೆ ಮುಟ್ಟಬ್ಯಾಡ್ರಿ. ಜಿಡ್ಡು ಹತ್ತಿದ್ರ ಲಗೂನ ಹೋಗತೈತಿ."

ನಿರುಪಾದಿ ಬಲ್ಬುಗಳನ್ನು ಹಸುಗೂಸಿನ ಹಾಗೆ ಒಗೆದ ಬಟ್ಟೆಯಲ್ಲಿ ಹಿಡಿದು ಕೂರಿಸಿದ. ಸಂಜೆ ಅಡುಗೆಮನೆಯ ಎದುರಿಗೆ ಜೀಪು ನಿಲ್ಲಿಸಿ ಸ್ವಿಚ್ಚು ಹಾಕಿದ.

"ಗ್ವಾಡಿಗೆ ಸುಣ್ಣಾ ಬಳದಂಗಾತಲ್ಲೋ!" ಎಂದ ಗುರುಸಿದ್ದಪ್ಪ.

ಅಜ್ಜಾರೂ ಬಂದು ನೋಡಿದರು. "ಛಲೋ ಅದಾವು" ಎಂದು ಕೈ ಚಾಚಿದರು.

ನಿರುಪಾದಿ ಖಾಲಿ ಡಬ್ಬಿ ಕೊಟ್ಟ.

"ಇದಲ್ಲ. ಕೀಲಿ."

ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಜ್ಜಾರು ತಮ್ಮ ಹಳೆಯ ಕಾವಿ ಬಟ್ಟೆಯೊಂದನ್ನು ಹರಿದರು. ಅದನ್ನು ಹೊಸೆದು, ಸುತ್ತಿ, ಗಡಿಗೆ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ ಮಾಡಿ ನಿರುಪಾದಿಯ ಕೈಗಿಟ್ಟರು.

"ಸಾವಂತ್ರೆವ್ವನ ಕೈ ಮುರದೈತಿ. ಗಡಿಗಿ ಹೊರಾಕ ಆಗಂಗಿಲ್ಲ. ಐದು ದಿನ ನೀ ಹೊರು."

"ಮತ್ತ ಗಾಡಿ ಯಾರ ಹೊಡೀತಾರ್ರಿ?"

"ನಾ ಹೊಡೀತೇನಿ."

ಅಜ್ಜಾರಿಗೆ ಎಪ್ಪತ್ತು ದಾಟಿತ್ತು. ಕಾವಿ ಉಡುವುದಕ್ಕೆ ಮೊದಲು ಅವರು ಲಾರಿ ಹೊಡೆಯುತ್ತಿದ್ದರಂತೆ ಎಂಬ ಸುದ್ದಿಯಿತ್ತು. ಹೌದೇ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ನಸಿಕ್ನ್ಯಾಗ್ರಿ... ನಿಮ್ಮ ಕಣ್ಣು..."

"ಆಶ್ರಮದಾಗ ಸೂಜೀಗೆ ದಾರ ಪೋಣಿಸಿ ಕೊಡಾಂವ ಯಾರು?"

ಅದು ಅಜ್ಜಾರೇ. ನಿರುಪಾದಿ ಸಿಂಬಿಯನ್ನು ತಲೆಯ ಮೇಲಿಟ್ಟು ನೋಡಿದ.

ಮರುದಿನ ನಸುಕಿನಲ್ಲಿ ಅವನು ಸಾವಂತ್ರೆವ್ವನ ಮನೆಗೆ ಹೋದ. ಅವಳು ಪ್ಲಾಸ್ಟರಿನ ಕೈಯನ್ನು ಸೀರೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡು ನಿಂತಿದ್ದಳು. ಅವನ ತಲೆಯ ಮೇಲಿನ ಸಿಂಬಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನಪಾ, ಗಾಡಿ ಕೊಟ್ಟು ಗಡಿಗಿ ತಗೊಂಡೇನು?"

ನೆರೆಮನೆಯ ಕಲ್ಲವ್ವ ತನ್ನ ಗಡಿಗೆ ಹೊತ್ತು ಮುಂದೆ ನಡೆದಳು. ಇವರಿಬ್ಬರು ಹಿಂದೆ. ನಿರುಪಾದಿಯ ಕತ್ತು ಮೊಳೆ ಹೊಡೆದ ಹಾಗೆ ಸೆಟೆದಿತ್ತು.

"ಟಾರ್ಚು ಇಲ್ಲೇನವ್ವಾ?"

"ಯಾಕ ಬೇಕು? ತಡಿ, ಕಾಣತೈತಿ."

ಸ್ವಲ್ಪ ಹೊತ್ತಿನಲ್ಲಿ ನಿಜವಾಗಿಯೂ ಕಾಣತೊಡಗಿತು. ಮೊದಲು ಏರಿಯ ಮೇಲಿನ ಬಿಳಿ ಧೂಳು. ಆಮೇಲೆ ಕಾಲುವೆಯ ನೀರು. ಆಮೇಲೆ ಏರಿಯ ಅಂಚು ಎಲ್ಲಿ ಮುಗಿದು ತಗ್ಗು ಎಲ್ಲಿ ಶುರುವಾಗುತ್ತದೆ ಎಂಬುದೂ ಕಂಡಿತು. ಎಂಟು ವರ್ಷ ಓಡಾಡಿದ ಹಾದಿಯಲ್ಲಿ ಇಷ್ಟು ಬೆಳಕಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ನನ್ನ ಕಾಲು ಸೋತಾವಪಾ" ಎಂದಳು ಸಾವಂತ್ರೆವ್ವ, ನಡೆಯುತ್ತಲೇ. "ನಲವತ್ತು ವರ್ಷ ಇದ ಹಾದಿ ನಡದೇನಿ. ಸೋಮಾರ ಕಾಲು ಎಲ್ಲಿ ಇಟ್ನಿ ಅಂತ ನನಗ ತಿಳೀಲಿಲ್ಲ. ಕೈ ಕೂಡಿದ ಮ್ಯಾಲೂ ಹೋಗೂದು ಬ್ಯಾಡ, ಮನ್ಯಾಗ ಕೂಡ್ರು ಅಂತಾಳ ಸೊಸಿ. ಅಕೀದೂ ಖರೆ ಐತಿ. ನಾಳೆ ಕಾಲುವ್ಯಾಗ ಬಿದ್ರ ಏನ್ಮಾಡೂದು?"

ನಗುತ್ತಲೇ ಹೇಳಿದಳು. ಆದರೆ ಆಮೇಲೆ ಹೆಜ್ಜೆ ಅಳೆದು ಅಳೆದು ಇಡತೊಡಗಿದಳು.

ನಿರುಪಾದಿಗೆ ಸಂಕಟವಾಯಿತು. ತಲೆಯ ಮೇಲೆ ಗಡಿಗೆ ಇದ್ದುದರಿಂದ ಹೊರಳಿ ಅವಳ ಮುಖ ನೋಡಲೂ ಆಗಲಿಲ್ಲ.

"ಬಲ್ಬು ಮಂದ ಇದ್ವವ್ವಾ. ಅದಕ್ಕ ನೀ ನನಗ ಕಾಣಲಿಲ್ಲ. ಈಗ ಹೊಸಾವು ಹಾಕೇನಿ."

"ಛಲೋ ಆತಪಾ" ಎಂದಳು ಅವಳು.

ಅಷ್ಟರಲ್ಲಿ ದೂರದಲ್ಲಿ ಜೀಪಿನ ಸದ್ದು ಕೇಳಿತು. ಕಲ್ಲವ್ವ ತಕ್ಷಣ ನಿಂತು ಬೆನ್ನು ತಿರುಗಿಸಿದಳು. ಸಾವಂತ್ರೆವ್ವ ಎಡಗೈಯಿಂದ ಸೆರಗು ಕಣ್ಣ ಮೇಲೆ ಎಳೆದುಕೊಂಡಳು.

"ನಿಂದ್ರಪಾ. ಕಣ್ಣು ಮುಚ್ಚು."

ಕಣ್ಣು ಮುಚ್ಚುವುದೇ? ತಾನೇ ಆರಿಸಿ ತಂದ ಬಲ್ಬು, ತಾನೇ ಕೂರಿಸಿದ್ದು. ಮುಂದಿನಿಂದ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಅವನಿಗೆ. ನೆಟ್ಟಗೆ ನೋಡಿದ.

ಏರಿ ಹೋಯಿತು. ಕಾಲುವೆ ಹೋಯಿತು. ತನ್ನ ಕಾಲುಗಳೂ ಎಲ್ಲಿಯೋ ಹೋದವು. ಎತ್ತಿದ ಹೆಜ್ಜೆ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬೀಳುವುದಕ್ಕಿಂತ ಕೂರುವುದು ಮೇಲೆಂದು ಅಲ್ಲೇ ಕುಕ್ಕರಿಸಿದ. ಅವನು ಕೂತ, ಗಡಿಗೆ ಕೂರಲಿಲ್ಲ.

ಮೊಸರು ತಲೆಯಿಂದ ಕಿವಿಗೆ, ಕಿವಿಯಿಂದ ಅಂಗಿಯೊಳಗೆ ಇಳಿಯಿತು. ಜೀಪು ನಿಂತಿತು. ಲೈಟು ಆರಿತು.

"ಯಾರದು?" ಅಜ್ಜಾರ ದನಿ.

"ನಾನ್ರಿ. ನಿರುಪಾದಿ."

"ಕಾಣಲಿಲ್ಲಪಾ. ಬಲ್ಬು ಮಂದ ಅದಾವು ಅನಸ್ತೈತಿ."

ಜೀಪಿನ ಹಿಂದೆ ಕೂತಿದ್ದ ಭಕ್ತರಲ್ಲಿ ಯಾರೋ ನಕ್ಕರು. ಅಜ್ಜಾರು ಗೇರು ಹಾಕಿ ಹೊರಟರು.

ಅವತ್ತು ಗುರುಸಿದ್ದಪ್ಪ ಆಶ್ರಮದ ಮೊಸರನ್ನೆಲ್ಲ ಸಾವಂತ್ರೆವ್ವನ ಮನೆಗೆ ಕಳಿಸಿದ. ಪಂಕ್ತಿಯಲ್ಲಿ ಎಲ್ಲರೂ ಮಜ್ಜಿಗೆಯಿಲ್ಲದೆ ಉಂಡರು. ನಿರುಪಾದಿಯನ್ನು ನೋಡಿಕೊಂಡೇ ಉಂಡರು.

ಊಟವಾದ ಮೇಲೆ ಅವನು ಅಜ್ಜಾರ ಹತ್ತಿರ ಹೋದ.

"ತಿಳೀತ್ರಿ ಅಜ್ಜಾರ. ಬೆಳಕು ಹೆಚ್ಚಾಗಬಾರದು. ಹಳೇ ಬಲ್ಬು ತಿರುಗಿ ಹಾಕತೇನ್ರಿ."

"ಇಷ್ಟ ಲಗೂ ತಿಳೀತೇನು?" ಎಂದರು ಅಜ್ಜಾರು. "ಹಾಕು."

ಹಳೆಯ ಬಲ್ಬು ಹಾಕಿದ. ಐದು ದಿನದ ಪಾಠ ಒಂದೇ ದಿನದಲ್ಲಿ ಮುಗಿಸಿದೆ ಎಂದು ಒಳಗೊಳಗೇ ಹಿಗ್ಗಿದ.

ಎರಡನೆಯ ದಿನ ಮತ್ತೆ ಏರಿ, ಮತ್ತೆ ಗಡಿಗೆ. ಜೀಪು ಬಂತು. ಹೆಂಗಸರು ನಿನ್ನೆಯ ಹಾಗೆಯೇ ಬೆನ್ನು ತಿರುಗಿಸಿದರು. ನಿರುಪಾದಿ ಗಡಿಗೆಯನ್ನು ಎರಡೂ ಕೈಯಿಂದ ಹಿಡಿದು, ಓರೆಗಣ್ಣಿನಿಂದ ನೋಡಿದ. ಬೆಳಕು ನಿನ್ನೆಯಷ್ಟು ಇರಲಿಲ್ಲ. ಆದರೂ ಸೀದಾ ಕಣ್ಣಿಗೇ ಬಂದು ಬಡಿಯಿತು.

"ಅವ್ವಾ, ಇವು ಹಳೇ ಬಲ್ಬು" ಎಂದ.

"ಹಳೇವು ಹೊಸಾವು ನಮಗೇನ ಗೊತ್ತಪಾ. ಮಠದ ಗಾಡಿ ಬಂತಂದ್ರ ಕಣ್ಣು ಮುಚ್ಚೂದು. ಸೋಮಾರ ಮುಚ್ಚೂದ್ರಾಗ ಬಂದುಬಿಡ್ತು."

"ಹಾಲಿನ ವ್ಯಾನು ಬಂದ್ರೂ ಮುಚ್ಚತೀರೇನು?"

"ಅದಕ್ಯಾಕ ಮುಚ್ಚೋಣು?" ಎಂದಳು ಕಲ್ಲವ್ವ. "ಅದರ ಬೆಳಕು ನೆಲದ ಮ್ಯಾಲ ಹರಕೋತ ಬರತೈತಿ."

ನಿರುಪಾದಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಂಟು ವರ್ಷದಿಂದ ಈ ಹೆಂಗಸರು ತನ್ನ ಗಾಡಿಗೆ ಬೆನ್ನು ತೋರಿಸಿ ನಿಲ್ಲುತ್ತಿದ್ದಾರೆ. ಅದನ್ನು ಅವನು ಕಂಡಿದ್ದೂ ಇದೆ. ಮಠದ ಗಾಡಿ ಎಂದು ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಾರೆ ಎಂದುಕೊಂಡಿದ್ದ.

ಜೀಪು ಹಾದುಹೋಗುವಾಗ ಅವನು ಕಣ್ಣು ಮೇಲೆತ್ತಿದ. ಜಾಲಿಯ ಮರದಲ್ಲಿ ಬೆಳ್ಳಕ್ಕಿಗಳು ಹತ್ತಿಯ ಮುದ್ದೆಗಳ ಹಾಗೆ ಬೆಳಗಿದವು. ಕಣ್ಣು ಕೆಳಗಿಳಿಸಿದ. ಜೀಪಿನ ಗಾಲಿಯ ಮುಂದಿನ ಹಾದಿ ಕಪ್ಪಗಿತ್ತು.

"ಬೆಳಕು ಹಕ್ಕೀ ಹಂತ್ಯಾಕ ಐತಿ" ಎಂದು ಗಟ್ಟಿಯಾಗಿಯೇ ಅಂದುಕೊಂಡ.

"ಏನಂದೆಪಾ?"

"ಏನಿಲ್ಲವ್ವಾ."

ಆದರೆ ಬರುವಾಗ ಮಾತ್ರ ಏಕೆ? ಇಡೀ ದಿನ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಸೌದೆ ಒಡೆಯುವಾಗ ಅದೇ, ದನದ ಮೈ ತೊಳೆಯುವಾಗ ಅದೇ. ತಪ್ಪು ಯಾರದು ಎಂಬ ಭಯವನ್ನೂ ತುಸು ಹೊತ್ತು ಮರೆಸುವಷ್ಟು ಅದು ಕೊರೆಯಿತು.

ಮೂರನೆಯ ದಿನ ಅವನು ಇನ್ನೂ ಬೇಗ ಎದ್ದು, ಜೀಪು ಸ್ಟೇಶನ್ನಿಗೆ ಹೋಗುವ ಹೊತ್ತಿಗೆ ಏರಿಯ ಮೇಲೆ ಎದುರಾಗಿ ನಿಂತ. ಜೀಪು ಬಂತು. ಬೆಳಕು ನೆಲದ ಮೇಲೆ ಹರಿಯುತ್ತ ಬಂದು ಅವನ ಮೊಣಕಾಲಿನ ಹತ್ತಿರ ನಿಂತಿತು. ಹಾದಿಯ ಕಲ್ಲು, ಹುಲ್ಲು, ಎತ್ತಿನ ಹೆಜ್ಜೆ ಎಲ್ಲ ಕಂಡವು. ಮರದ ಮೇಲೆ ಒಂದೂ ಹಕ್ಕಿ ಕಾಣಲಿಲ್ಲ.

ಅದೇ ಜೀಪು ಅರ್ಧ ತಾಸಿನ ಮೇಲೆ ತಿರುಗಿ ಬಂದಾಗ ಅವನು ಗಡಿಗೆ ಹೊತ್ತು ಕಣ್ಣು ಮುಚ್ಚಿ ನಿಂತಿದ್ದ.

ನಾಲ್ಕನೆಯ ದಿನ ಸಂಜೆ ಅವನು ಅಜ್ಜಾರ ಮುಂದೆ ಬಂದು ಕೈ ಚಾಚಿದ.

"ಕೀಲಿ ಕೊಡ್ರಿ. ಹೊಡಿಯಂಗಿಲ್ಲ. ನಿಲ್ಲಿಸಿ ನೋಡಬೇಕು."

ಅಜ್ಜಾರು ಏನೂ ಕೇಳದೆ ಕೊಟ್ಟರು.

ಅಡುಗೆಮನೆಯ ಗೋಡೆಯಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಜೀಪು ನಿಲ್ಲಿಸಿದ. ಲೈಟು ಡಿಪ್ ಮಾಡಿ ಹಾಕಿದ. ಬೆಳಕಿನ ಮೇಲಂಚು ಗೋಡೆಯ ಮೇಲೆ ಅವನ ತೊಡೆಯ ಮಟ್ಟಕ್ಕಿತ್ತು. ಇದ್ದಲಿನಿಂದ ಅಲ್ಲೊಂದು ಗೆರೆ ಎಳೆದ. ಸರಿಯಾಗಿಯೇ ಇದೆ. ಹೋಗುವಾಗಿನ ಬೆಳಕು ಇದು. ಬರುವಾಗ ಏನು ಬೇರೆ?

ಬಹಳ ಹೊತ್ತು ಗೆರೆಯನ್ನೇ ನೋಡುತ್ತ ನಿಂತ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಓಡಿದ.

"ಗುರುಸಿದ್ದಪ್ಪಣ್ಣ, ಸ್ವಲ್ಪ ಬಾ. ಜೀಪಿನ ಹಿಂದ ಕೂಡ್ರು."

"ಎಲ್ಲಿಗೆ ಹೋಗೂದೈತಿ?"

"ಎಲ್ಲಿಗೂ ಇಲ್ಲ. ಸುಮ್ನ ಕೂಡ್ರು."

ಗುರುಸಿದ್ದಪ್ಪ ತನ್ನ ಅಡುಗೆ ತಾನೇ ಉಂಡು ಬೆಳೆದ ಆಳು. ಅವನು ಹತ್ತಿ ಕೂತಾಗ ಜೀಪು ನರಳಿತು. ಗೋಡೆಯ ಮೇಲಿನ ಬೆಳಕು ಗೆರೆ ಬಿಟ್ಟು ಒಂದು ಗೇಣು ಮೇಲೇರಿತು.

ನಿರುಪಾದಿ ಕೂಗಿ ಕರೆದ. ಕೈಗೆ ಸಿಕ್ಕವರನ್ನೆಲ್ಲ ಎಳೆದು ತಂದ. ಒಬ್ಬೊಬ್ಬರು ಹತ್ತಿದ ಹಾಗೆ ಹಿಂದಿನ ಸ್ಪ್ರಿಂಗು ಕುಸಿಯಿತು, ಜೀಪಿನ ಮುಂಭಾಗ ಎದ್ದಿತು, ಬೆಳಕು ಗೋಡೆ ಹತ್ತಿತು. ಆರು ಜನರಿಗೆ ಅದು ಕಿಟಕಿಗೆ ಬಂತು. ಎರಡು ಚೀಲ ಜೋಳ ಹೇರಿದ ಮೇಲೆ ಸೂರಿಗೆ ಮುಟ್ಟಿತು. ಅಲ್ಲಿ ಮಲಗಿದ್ದ ಪಾರಿವಾಳ ಗಾಬರಿಯಿಂದ ರೆಕ್ಕೆ ಬಡಿಯಿತು.

ಗೋಡೆಯ ಕೆಳಗೆ, ಮನುಷ್ಯರು ಕಾಲಿಡುವ ಜಾಗ ಕತ್ತಲಾಗಿತ್ತು.

ನಿರುಪಾದಿ ಅಲ್ಲೇ ನೆಲ ಹಿಡಿದು ಕೂತ. ಬಲ್ಬಿನ ತಪ್ಪಲ್ಲ. ಸೋಮವಾರ ಜೀಪಿನ ತುಂಬ ಭಕ್ತರಿದ್ದರು, ಹಿಂದೆ ಅಕ್ಕಿಯ ಚೀಲವಿತ್ತು. ಆ ಬೆಳಕನ್ನೆಲ್ಲ ಒಯ್ದು ಒಬ್ಬ ಮುದುಕಿಯ ಕಣ್ಣಿಗೆ ಚುಚ್ಚಿದವನು ತಾನು. ಆಗ ತಾನು ಮೇಲೆ ನೋಡುತ್ತಿದ್ದ, ಬೆಳ್ಳಕ್ಕಿ ನೋಡಿ ಸಂತೋಷಪಡುತ್ತಿದ್ದ. ಅವನಿಗೆ ಅಳು ಬಂತು. ಎಲ್ಲರ ಮುಂದೆಯೇ ಅತ್ತುಬಿಟ್ಟ.

ಅಜ್ಜಾರು ಜಗುಲಿಯಿಂದ ಇಳಿದು ಬಂದರು.

"ಭಾರ ಇಳಿಸೋಣೇನು?"

"ಭಕ್ತರನ್ನ ಹ್ಯಾಂಗ ಇಳಸಾಕ ಬರತೈತ್ರಿ" ಎಂದ ಅವನು, ಕಣ್ಣು ಒರೆಸಿಕೊಳ್ಳುತ್ತ.

"ಮತ್ತ?"

"ಲೈಟ್ ಬಗ್ಗಿಸಬೇಕ್ರಿ. ಅಲ್ಲೇ ಸ್ಕ್ರೂ ಐತಿ. ಎಷ್ಟು ಬಗ್ಗಸಲ್ರಿ?"

"ನನಗೇನ ಗೊತ್ತು?" ಎಂದರು ಅಜ್ಜಾರು. "ನಾ ಒಳಗ ಕುಂತಾಂವ."

ಜೀಪಿನ ಹಿಂದಿನಿಂದ ಗುರುಸಿದ್ದಪ್ಪ ಕೂಗಿದ, "ನಾವಿನ್ನ ಇಳಿಯೋಣೇನು? ಬ್ಯಾಳಿ ಹೊತ್ತಾಕತ್ತೈತಿ!"

ಆ ರಾತ್ರಿ ಮಲಗುವ ಮೊದಲು ನಿರುಪಾದಿ ಜೀಪಿನ ಒಂದು ಕಣ್ಣಿಗೆ ಹಳೆಯ ಬಲ್ಬು ಬಿಟ್ಟು, ಇನ್ನೊಂದಕ್ಕೆ ಹೊಸದನ್ನು ಹಾಕಿದ. ಅಂಗಡಿಯವನು ಹೇಳಿದ ಹಾಗೆ ಬೆರಳು ತಾಗಿಸಲಿಲ್ಲ.

ಐದನೆಯ ದಿನ ನಸುಕಿನಲ್ಲಿ ಸಾವಂತ್ರೆವ್ವನ ಮನೆಗೆ ಹೋದವನು ಕೂಡಲೇ ಗಡಿಗೆ ಎತ್ತಲಿಲ್ಲ. ಸೊಸೆ ಒಲೆಯ ಮುಂದೆ ಇದ್ದಳು.

"ಅವ್ವಾ, ನಿನ್ನ ಕಾಲು ಸೋತಿಲ್ಲ."

"ಏನಪಾ?"

"ಸೋಮಾರ ನಿನ್ನ ಕಾಲಿಂದು ತಪ್ಪಲ್ಲ. ಬಲ್ಬಿಂದೂ ಅಲ್ಲ. ನಂದು. ಗಾಡಿ ತುಂಬಿದಾಗ ಅದರ ಲೈಟು ಮ್ಯಾಲ ಏಳತಿತ್ತು, ನಿಮ್ಮ ಕಣ್ಣಿಗೆ ಬಡೀತಿತ್ತು. ಎಂಟು ವರ್ಷ ನಾ ಒಮ್ಮೆನೂ ಇಳದು ನೋಡಲಿಲ್ಲ. ಕಣ್ಣು ಕಟ್ಟಿದ್ರ ಎಂಥಾವರ ಕಾಲೂ ತಪ್ಪತೈತಿ. ನನ್ನ ಕಾಲೂ ತಪ್ಪಿತಲ್ಲ. ನನ್ನ ಕ್ಷಮಾ ಮಾಡಬೇಕು ನೀ."

ಸಾವಂತ್ರೆವ್ವ ಅವನ ಮುಖ ನೋಡಿದಳು. ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು. ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಸಣ್ಣ ಗುದ್ದೇನಲ್ಲ.

"ಇಷ್ಟ ದಿನ ನನಗ ವಯಸ್ಸಾತು ಅಂತ ಕೊರಗಾಕತ್ತಿದ್ನೆಲ್ಲೋ!" ಎಂದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ಒಲೆಯ ಕಡೆ ಗದ್ದ ತೋರಿಸಿದಳು. "ಹೇಳು. ಈಗ ಹೇಳಿದ್ದನ್ನ ಅಕೀಗೆ ಇನ್ನೊಮ್ಮೆ ಹೇಳು. ಗಟ್ಯಾಗಿ ಹೇಳು."

ನಿರುಪಾದಿ ಸೊಸೆಗೆ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ.

ಏರಿಯ ಮೇಲೆ ಜೀಪು ಎದುರಾದಾಗ ಅವನು ಮುಂದೆ ಹೋಗಿ ಕೈ ಅಡ್ಡ ಹಿಡಿದ. ಅಜ್ಜಾರು ನಿಲ್ಲಿಸಿದರು. ಹಿಂದೆ ಏಳು ಜನ ಭಕ್ತರು, ಅವರ ಗಂಟುಗಳು.

"ಯಾರೂ ಇಳೀಬ್ಯಾಡ್ರಿ" ಎಂದ ನಿರುಪಾದಿ. "ಹಾಂಗ ಕೂಡ್ರಿ."

ಗಡಿಗೆ ತಲೆಯ ಮೇಲಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್. ಸಾವಂತ್ರೆವ್ವ ಮೂವತ್ತು ಹೆಜ್ಜೆ ದೂರದಲ್ಲಿ ಏರಿಯ ನಡುವೆ ನಿಂತಳು. ಅವನು ಒಂದು ಸುತ್ತು ತಿರುಗಿಸುವುದು, ಕೂಗುವುದು.

"ಈಗವ್ವಾ?"

"ಇನ್ನೂ ಕಣ್ಣಾಗೈತಿ!"

"ಈಗ?"

"ಎದಿಮಟ ಬಂತು. ಇನ್ನೂ ಇಳಸು!"

"ಈಗ?"

"ಸಾಕ್ ಸಾಕು. ಮೊಣಕಾಲಿಗೆ ಬಂತು."

ಇನ್ನೊಂದು ಲೈಟನ್ನೂ ಅಷ್ಟಕ್ಕೇ ಇಳಿಸಿದ. ಆಮೇಲೆ ಒಮ್ಮೆ ಹೊಸ ಬಲ್ಬಿನ ಗಾಜಿಗೆ ಬಟ್ಟೆ ಅಡ್ಡ ಹಿಡಿದ, ಒಮ್ಮೆ ಹಳೆಯದಕ್ಕೆ.

"ಯಾವುದಿರಲಿ ಹೇಳವ್ವಾ."

ಹಳೆಯದೇ ಇರಲಿ ಎನ್ನುತ್ತಾಳೆ ಎಂದುಕೊಂಡಿದ್ದ. ಸಾವಂತ್ರೆವ್ವ ಎರಡು ಸಲ ನೋಡಿದಳು, ಕಲ್ಲವ್ವನನ್ನೂ ಕರೆದು ನಿಲ್ಲಿಸಿ ನೋಡಿಸಿದಳು.

"ಹೊಸಾದು ಇರಲಿ. ಇದರಾಗ ನನ್ನ ಕಾಲ ಬೆರಳು ಎಣಸಾಕ ಬರತೈತಿ."

ನಿರುಪಾದಿ ಮೇಲೆ ನೋಡಿದ. ಜಾಲಿಯ ಮರ ಕತ್ತಲಲ್ಲಿತ್ತು. ಬೆಳ್ಳಕ್ಕಿಗಳು ಅಲ್ಲಿಯೇ ಇದ್ದಿರಬೇಕು. ಒಂದೂ ಕಾಣಲಿಲ್ಲ.

ಜೀಪು ಹೊರಟು ಅವರನ್ನು ದಾಟಿತು. ಹೆಂಗಸರಿಬ್ಬರೂ ಬೆನ್ನು ತಿರುಗಿಸಲಿಲ್ಲ. ಆ ಬೆಳಕಿನಲ್ಲೇ ಹೆಜ್ಜೆ ಇಟ್ಟು ನಡೆದರು.

ಅವರನ್ನು ರೈಲು ಹತ್ತಿಸಿ ನಿರುಪಾದಿ ಆಶ್ರಮಕ್ಕೆ ನಡೆದು ಬಂದಾಗ ಬಿಸಿಲು ಏರಿತ್ತು. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು, ನೀರಿನಲ್ಲಿ ಕಾಲು ಬಿಟ್ಟಿದ್ದರು. ಪಕ್ಕದಲ್ಲಿ ಕೀಲಿ ಇತ್ತು.

ಅವನು ಸಿಂಬಿ ತೆಗೆದ. ಅದು ಒದ್ದೆಯಾಗಿತ್ತು, ಮೊಸರಿನ ವಾಸನೆ ಹೊಡೆಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಅಜ್ಜಾರ ಮುಂದೆ ಚಾಚಿದ.

"ಐದು ದಿನ ಆತ್ರಿ."

"ಹೂಂ."

"ತಪ್ಪು ನಂದ ಇತ್ತು. ನಾಳಿಂದ ಗಾಡಿ ಯಾರ ಹೊಡೀಬೇಕು ಅನ್ನೂದು ನೀವ ಹೇಳ್ರಿ. ಗುರುಸಿದ್ದಪ್ಪನ ಕೈಕೆಳಗ ಹಾಕಿದ್ರೂ ಹೋಗತೇನ್ರಿ."

ಕೀಲಿಯ ಕಡೆ ನೋಡಬಾರದು ಎಂದುಕೊಂಡರೂ ಕಣ್ಣು ಅತ್ತಲೇ ಹೋಯಿತು.

ಅಜ್ಜಾರು ಕೀಲಿ ಎತ್ತಿ ಅವನ ಅಂಗೈಯಲ್ಲಿಟ್ಟರು. ಸಿಂಬಿಯನ್ನು ತೆಗೆದುಕೊಂಡು ಹೊಳೆಯ ನೀರಿನಲ್ಲಿ ಅದ್ದಿ ಹಿಂಡಿದರು. ಸಡಿಲಾದ ಸುತ್ತುಗಳನ್ನು ಬಿಗಿ ಮಾಡಿ ಅದನ್ನು ತಿರುಗಿ ಅವನ ತಲೆಯ ಮೇಲಿಟ್ಟರು.

"ಗಾಡಿ ಹೊಡಿ" ಎಂದರು. "ಇದನ್ನ ಮಾತ್ರ ಇಳಸಬ್ಯಾಡ."